ಆ ಪ್ರಶ್ನೆ ನನ್ನದು

"ಎಷ್ಟು ಸುಂದರವಾದ ಲೆಕ್ಕ ನೋಡಿ," ಎಂದ ಅವನು.

ಆದಿಲಕ್ಷ್ಮಿಯ ಪೆನ್ಸಿಲ್ ಆ ಮಾತನ್ನೂ ಬರೆದುಕೊಂಡಿತು. ಬರೆದುಕೊಳ್ಳುವುದಷ್ಟೇ ಅವಳ ಕೆಲಸ. ಆದರೆ 'ಸುಂದರ' ಎಂಬ ಆ ಪದ ಬರೆಯುವಾಗ ಮೊನೆ ಒತ್ತಿಹೋಯಿತು, ಕಾಗದ ಹರಿಯಿತು.

ಬೆನ್ಸನ್ ಟೌನಿನಲ್ಲಿ ಪ್ರೊಫೆಸರ್ ಸಂಜೀವಪ್ಪನವರ ಬಂಗಲೆ. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿ ವಿದ್ವಾಂಸರ ಕೂಟ ಸೇರುತ್ತಿತ್ತು. ಒಂದು ವಾರ ಕಾಲ ಎಂದರೇನು ಎಂಬ ಚರ್ಚೆಯಾದರೆ ಮರುವಾರ ಆತ್ಮ ಇದೆಯೋ ಇಲ್ಲವೋ ಎಂಬ ವಾದ. ಎಲ್ಲವೂ ಕನ್ನಡದಲ್ಲೇ ನಡೆಯಬೇಕೆಂಬುದು ಪ್ರೊಫೆಸರರ ಹಟ. ದುಂಡು ಮೇಜಿನ ಸುತ್ತ ಎಂಟು ಕುರ್ಚಿ, ಒಂದೊಂದಕ್ಕೂ ಒಂದು ನಂಬರು. ಶೀಘ್ರಲಿಪಿಯಲ್ಲಿ ಹೆಸರು ಬರೆಯುತ್ತ ಕೂತರೆ ಮಾತು ಓಡಿಹೋಗುತ್ತದೆ. ಹಾಗಾಗಿ ಮಾತಾಡಿದವರ ಕುರ್ಚಿಯ ನಂಬರು ಹಾಕಿ, ಮುಂದೆ ಮಾತು ಬರೆಯುವುದು.

ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಆದಿಲಕ್ಷ್ಮಿ ಕೂರುತ್ತಿದ್ದಳು. ಸ್ಟೂಲಿಗೆ ನಂಬರಿರಲಿಲ್ಲ.

ಅದು ೧೯೪೫ರ ಆಗಸ್ಟ್ ತಿಂಗಳ ಕೊನೆ. ಯುದ್ಧ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ನಾಲ್ಕನೇ ಕುರ್ಚಿಗೆ ಅಂದು ಹೊಸಬ ಬಂದಿದ್ದ. ರಾಮಾಂಜಿನಪ್ಪ. ಕೃಷ್ಣರಾಜಪುರದ ಬೇಸಾಯಗಾರರ ಮಗ, ಊರಿಗೇ ಮೊದಲ ಎಂ.ಎಸ್ಸಿ. ಕಪ್ಪು ಹಲಗೆಯ ಮೇಲೆ ಅಣು ಒಡೆಯುವ ಬಗೆಯನ್ನು ಬಿಡಿಸುತ್ತಿದ್ದ. ಚಂದದ ಕೈಬರಹ, ಚಂದದ ಮಾತು... ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

"ಒಂದು ಚೂರು ದ್ರವ್ಯದೊಳಗೆ ಇಷ್ಟು ಶಕ್ತಿ ಇರಬೇಕು ಅಂತ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ್ರು. ಹಿರೋಷಿಮಾದಲ್ಲಿ ಆ ಲೆಕ್ಕ ಸರಿಯಾಯ್ತು."

ಅವಳಿಗೆ ತಡೆಯಲಾಗಲಿಲ್ಲ.

"ಅದು ಬಿದ್ದಾಗ ಬೆಳಿಗ್ಗೆ ಎಂಟು ಗಂಟೆಯಂತೆ."

ಎಂಟು ತಲೆಗಳೂ ಕಿಟಕಿಯ ಕಡೆ ತಿರುಗಿದವು.

"ಎಂಟು ಗಂಟೆಗೆ ಹೆಂಗಸರು ಒಲೆ ಮುಂದೆ ಇರ್ತಾರೆ. ಮಕ್ಕಳು ಸ್ಕೂಲಿಗೆ ಹೊರಟು ಬೀದೀಲಿರ್ತಾರೆ. ಅವರನ್ನೆಲ್ಲಾ ಹೊರಗಿಟ್ಟು ಲೆಕ್ಕ ಹಾಕಿ, ಲೆಕ್ಕ ಸರಿಯಾಯ್ತು ಅಂತೀರಲ್ಲ... 'ಸರಿ' ಅನ್ನೋ ಮಾತಿಗೆ ನಿಮ್ಮ ವಿಜ್ಞಾನದಲ್ಲಿ ಏನ್ರೀ ಅರ್ಥ?"

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. "ನೀನು ಬರ್ಕೋಮ್ಮ," ಎಂದರು, ಗದರಿದಂತೆ ಅಲ್ಲದಿದ್ದರೂ ಮಾತು ಮುಗಿಸಿದಂತೆ.

"ಇಲ್ಲ ಸಾರ್," ಎಂದ ರಾಮಾಂಜಿನಪ್ಪ. ಸೀಮೆಸುಣ್ಣ ಕೆಳಗಿಟ್ಟ. "ಅವರು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದನ್ನೇ ಮಾತಾಡೋಣ."

ಅಂದು ಏಳು ಗಂಟೆಯವರೆಗೂ ಅದೊಂದೇ ಮಾತು.

ಮರುದಿನ ಆಫೀಸು ಮುಗಿಸಿ ಬಂದು ಹಲಸೂರಿನ ಮನೆಯಲ್ಲಿ ಶುದ್ಧಪ್ರತಿ ಮಾಡುವಾಗ ಅವಳ ಕೈ ನಿಂತಿತು. ಎಲ್ಲ ಮಾತಿನ ಹಿಂದೆಯೂ ನಂಬರಿತ್ತು. ಅವಳ ಪ್ರಶ್ನೆಯ ಹಿಂದೆ ಏನೂ ಇರಲಿಲ್ಲ. ಬರೆದುಕೊಳ್ಳುವವರು ಮಾತಾಡಬಾರದು, ಮಾತಾಡಿದರೂ ಅದನ್ನು ಬರೆಯಬಾರದು... ಟೈಪು ಶಾಲೆಯಲ್ಲಿ ಮೊದಲ ದಿನ ಹೇಳಿಕೊಟ್ಟ ನಿಯಮ ಅದು.

ಬಹಳ ಹೊತ್ತು ಯೋಚಿಸಿ, ಎಲ್ಲ ನಂಬರುಗಳನ್ನೂ ಹೆಸರಾಗಿಸಿದಳು. ಖಾಲಿ ಜಾಗದಲ್ಲಿ 'ಆದಿಲಕ್ಷ್ಮಿ' ಎಂದು ಬರೆದಳು. ಆರು ವರ್ಷದಿಂದ ಎಲ್ಲರ ಮಾತನ್ನೂ ಬರೆದವಳು ತನ್ನ ಹೆಸರನ್ನು ಒಂದು ವರದಿಯೊಳಗೆ ಬರೆದದ್ದು ಅದೇ ಮೊದಲು.

ಕೂಟದ ಮಾತುಕತೆ ತಿಂಗಳಿಗೊಮ್ಮೆ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಶುದ್ಧಪ್ರತಿಯನ್ನು ತಿದ್ದಿ ಅಚ್ಚಿಗೆ ಕಳಿಸುವ ಹೊಣೆ ಈಗ ರಾಮಾಂಜಿನಪ್ಪನದು.

"ಅಪ್ಪಾ, ಅಕ್ಟೋಬರಿನ ಸಂಚಿಕೇಲಿ ನನ್ನ ಹೆಸರು ಬರುತ್ತೆ," ಎಂದಳು. ಅಪ್ಪ ಶ್ರೀರಾಮಪ್ಪ ಕಲ್ಲುಕೆಲಸದ ಮೇಸ್ತ್ರಿ. ಹಲಸೂರಿನ ಬೌದ್ಧರ ಸಣ್ಣ ಸಂಘದಲ್ಲಿ ಪುಸ್ತಕ ಓದಿ ಹೇಳುವವನು ಅವನೇ. ಮಗಳಿಗೆ ಅಕ್ಷರ ಕಲಿಸಿದವನೂ, ಕೇಳದೆ ಯಾವುದನ್ನೂ ನಂಬಬೇಡ ಎಂದು ಕಲಿಸಿದವನೂ ಅವನೇ. ಆ ವಾರವೇ ಸಂಘದಲ್ಲಿ ನಾಲ್ಕು ಜನರಿಗೆ ಹೇಳಿ ಬಂದ.

ಸೆಪ್ಟೆಂಬರಿನ ಭಾನುವಾರಗಳಲ್ಲಿ ಕೂಟ ಮುಗಿದ ಮೇಲೆ ರಾಮಾಂಜಿನಪ್ಪ ಅವಳ ಜೊತೆ ಹಲಸೂರಿನ ಬಸ್ಸು ನಿಲ್ಲುವ ಜಾಗದವರೆಗೂ ನಡೆದುಬರುತ್ತಿದ್ದ.

"ನಿಮ್ಮ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ ಕಣ್ರೀ."

"ಕೆಡಲಿ. ಆ ಊರಿನೋರ ನಿದ್ದೆ ಕೆಟ್ಟಷ್ಟು ಕೆಟ್ಟಿಲ್ಲ."

"ನೀವು ಯಾವಾಗ್ಲೂ ಹೀಗೇ ಬೈತೀರಾ?"

"ಬೈಸಿಕೊಳ್ಳೋರು ಸಿಕ್ಕಿದಾಗ."

ಅವನು ನಕ್ಕುಬಿಡುತ್ತಿದ್ದ. ಅವಳಿಗೂ ನಗು ಬರುತ್ತಿತ್ತು, ತೋರಿಸುತ್ತಿರಲಿಲ್ಲ. 'ಇವನಿಗೆ ಮೇಜಿನ ಮುಂದೆ ಸೋಲೊಪ್ಪಲು ಬರುತ್ತದೆ. ಎಷ್ಟು ಗಂಡಸರಿಗೆ ಬರುತ್ತದೆ?' ಎಂದುಕೊಳ್ಳುತ್ತಿದ್ದಳು. ಭಾನುವಾರ ಬೇಗ ಬರಲಿ ಎಂದು ಮನಸ್ಸು ಕಾಯತೊಡಗಿದ್ದು ಯಾವಾಗಿನಿಂದಲೋ ಅವಳಿಗೇ ತಿಳಿಯಲಿಲ್ಲ...

ಅಕ್ಟೋಬರಿನ ಸಂಚಿಕೆ ಹಲಸೂರಿಗೆ ಒಂದು ವಾರ ತಡವಾಗಿ ಬಂತು.

ಅಪ್ಪ ಕೈ ತೊಳೆದು, ಕನ್ನಡಕ ಹಾಕಿಕೊಂಡು, ಜಗಲಿಯ ಮೇಲೆ ಕೂತು ಓದತೊಡಗಿದ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಕೊನೆಯ ಪುಟದವರೆಗೂ ಹೋಗಿ ಮತ್ತೆ ಮೊದಲಿಗೆ ಬಂತು.

"ಪ್ರಶ್ನೆ ಇದೆ ಮಗಾ. ಚೆನ್ನಾಗೇ ಇದೆ." ಅಪ್ಪ ಕನ್ನಡಕ ತೆಗೆದ. "ನೀನು ಕೇಳಿದ್ದು ಅಂತ ಇಲ್ಲ. ಯಾರೋ ರಾಮಾಂಜಿನಪ್ಪ ಕೇಳಿದ್ರು ಅಂತಿದೆ."

ಅವಳು ಪತ್ರಿಕೆ ಕಿತ್ತುಕೊಂಡಳು. ಒಲೆಯ ಮುಂದಿನ ಹೆಂಗಸರು, ಬೀದಿಯ ಮಕ್ಕಳು, 'ಸರಿ' ಎಂಬ ಮಾತು... ಒಂದಕ್ಷರವೂ ಬದಲಾಗಿರಲಿಲ್ಲ. ಹೆಸರೊಂದೇ ಬೇರೆ.

ಅಪ್ಪ ಸಂಘದವರಿಗೆ ಈಗ ಏನು ಹೇಳುತ್ತಾನೆ? ಮಗಳು ಸುಳ್ಳು ಹೇಳಿದಳು ಎಂದೇ? ಅಳು ಬರಬಹುದೆಂದು ಕಾದಳು. ಬರಲಿಲ್ಲ. ಬಂದದ್ದು ಕೋಪ, ಕಿವಿಯವರೆಗೂ ಬಿಸಿಯಾದ ಕೋಪ.

ಭಾನುವಾರ ಬಂಗಲೆಯ ವರಾಂಡದಲ್ಲೇ ಅವನನ್ನು ತಡೆದು ಪತ್ರಿಕೆಯನ್ನು ಮುಂದೆ ಹಿಡಿದಳು.

"ಇದೇನು?"

ಅವನ ಮುಖ ಇಳಿಯಿತು. "ಹೇಳೋಣ ಅಂತಿದ್ದೆ..."

"ಅಚ್ಚಾದ ಮೇಲಾ?"

"ಆದಿಲಕ್ಷ್ಮಿಯವರೇ, ನೀವು ಕೆಲಸ ಮಾಡೋದು ದಂಡಿನ ಆಫೀಸಲ್ಲಿ. ಮಿಲಿಟರಿಯೋರದ್ದು. ಅಲ್ಲಿ ಕೆಲಸದಲ್ಲಿರೋರು ಪತ್ರಿಕೇಲಿ ಇಂಥ ವಿಷಯ ಮಾತಾಡೋ ಹಾಗಿಲ್ಲ. ನಿಮ್ಮ ಹೆಸರು ಕಂಡ್ರೆ ಅವತ್ತೇ ಮನೆಗೆ ಕಳಿಸ್ತಾರೆ. ಅದಕ್ಕೇ..."

"ಅದಕ್ಕೇ ನಿಮ್ಮ ಹೆಸರು ಹಾಕ್ಕೊಂಡ್ರಿ."

"ಬೈಗುಳ ಬಂದ್ರೆ ನನಗೆ ಬರಲಿ ಅಂತ."

"ಬಂತಾ?"

ಅವನು ಕಣ್ಣು ತಪ್ಪಿಸಿ ಗೇಟಿನ ಕಡೆ ನೋಡಿದ.

"ಬೈಗುಳ ಬಂತಾ ಅಂತ ಕೇಳಿದೆ. ಹೋದ ವಾರ ಪ್ರೊಫೆಸರು ಎಲ್ಲರ ಮುಂದೆ ಓದಿದ್ರಲ್ಲ, ಧಾರವಾಡದಿಂದ ಯಾರೋ ಬರೆದ ಕಾಗದ. 'ನಿಮ್ಮ ರಾಮಾಂಜಿನಪ್ಪನವರ ಪ್ರಶ್ನೆ ಕಣ್ಣು ತೆರೆಸಿತು.' ಯಾವ ಪ್ರಶ್ನೆ ಅಂತ ನನಗೆ ಗೊತ್ತಿರ್ಲಿಲ್ಲ. ಆ ಕಾಗದಾನೂ ನಾನೇ ಬರ್ಕೊಂಡೆ, ಸ್ಟೂಲಿನ ಮೇಲೆ ಕೂತ್ಕೊಂಡು. ನೀವು ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ್ರಿ. ವಿನಯ ಅಂದ್ಕೊಂಡೆ."

"ಆಗ ಹೇಳಿದ್ರೆ ನಿಮ್ಮ ಕೆಲಸ..."

"ಕೆಲಸ ನನ್ದು. ಕಳ್ಕೊಳ್ಳೋದು ಬಿಡೋದು ನನಗೆ ಸೇರಿದ್ದು. ಒಂದು ಮಾತು ಕೇಳಿದ್ರಾ? ಬಸ್ಸಿನವರೆಗೂ ಎಷ್ಟು ಸಲ ನಡೆದ್ರಿ? ಒಂದ್ಸಲಾನಾದ್ರೂ 'ಹೆಸರು ಹಾಕಲಾ, ಬೇಡ್ವಾ' ಅಂತ ಕೇಳಿದ್ರಾ?"

ಅವಳು ಪತ್ರಿಕೆಯನ್ನು ಮಡಿಸಿ ಅವನ ಕೈಗಿಟ್ಟಳು.

"ಹಿರೋಷಿಮಾದೋರನ್ನೂ ಯಾರೂ ಕೇಳ್ಲಿಲ್ಲ ರಾಮಾಂಜಿನಪ್ಪನವರೇ. ಅವರ ಒಳ್ಳೇದಕ್ಕೇ ಯುದ್ಧ ಬೇಗ ಮುಗಿಸಿದ್ವಿ ಅಂತ ಬಾಂಬು ಹಾಕಿದೋರು ಈಗ ಹೇಳ್ತಿದಾರೆ. ನನ್ನ ಪ್ರಶ್ನೆ ನಿಮಗೆ ಅರ್ಥವೇ ಆಗಿಲ್ಲ. ಅರ್ಥ ಆಗದೇ ಇರೋದನ್ನ ನಿಮ್ಮ ಹೆಸರಲ್ಲಿ ಹಾಕ್ಕೊಂಡ್ರಿ."

ನೋಟ್‌ಬುಕ್ಕನ್ನು ವರಾಂಡದ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದಳು. ಒಳಗಿನಿಂದ ಪ್ರೊಫೆಸರರು "ಏನಮ್ಮ, ಟೈಮಾಯ್ತು," ಎಂದು ಕೂಗುತ್ತಲೇ ಇದ್ದರು.

ಮರುದಿನ ಆಫೀಸಿನಲ್ಲಿ ಅವಳ ಟೈಪ್ ಮಿಷಿನ್ನಿನ ಸದ್ದಿಗೆ ಪಕ್ಕದ ಮೇಜಿನ ಬಿಲ್ಕೀಸ್ ಕಿವಿ ಮುಚ್ಚಿಕೊಂಡಳು.

"ಅರೇ, ಮಿಷಿನ್ ಸರ್ಕಾರದ್ದು. ನಿನ್ನ ಎಂ.ಎಸ್ಸಿ. ಸಾಹೇಬಂದಲ್ಲ, ಹಂಗೆ ಕುಟ್ಟಬೇಡ." ಎಲ್ಲ ಕೇಳಿದ ಮೇಲೆ ತಲೆಯಾಡಿಸಿದಳು. "ಹೋಗ್ಲಿ, ಅವನು ಕಳ್ಳನಾ, ಪೆದ್ದನಾ?"

"ಎರಡೂ."

"ಬರೀ ಕಳ್ಳ ಆಗಿದ್ರೆ ಮರೀಬೋದಿತ್ತು. ಪೆದ್ದರನ್ನ ಮರೆಯೋದು ಕಷ್ಟ ಲಕ್ಷ್ಮೀ."

ಮರೆಯಲು ಆಗಲೇ ಇಲ್ಲ. ಮೂರು ಭಾನುವಾರ ಮನೆಯಲ್ಲೇ ಕಳೆದಳು. ನಾಲ್ಕು ಗಂಟೆಯಾದರೆ ಕೈ ಪೆನ್ಸಿಲ್ಲಿಗೆ ತಡಕಾಡುತ್ತಿತ್ತು. ಅವನ ಮೇಲೆ ಎಷ್ಟು ಕೋಪವೋ ಅಷ್ಟೇ ಕೋಪ ತನ್ನ ಮೇಲೂ. 'ಇನ್ಯಾರೋ ಕದ್ದಿದ್ದರೆ ಹೀಗೆ ಉರಿಯುತ್ತಿರಲಿಲ್ಲ... ಇವನು ಕದ್ದನಲ್ಲ ಎಂದು ಉರಿ.'

ನಾಲ್ಕನೇ ಭಾನುವಾರ ಬೆಳಿಗ್ಗೆ ಅವನೇ ಹಲಸೂರಿಗೆ ಬಂದ. ಜಗಲಿಯ ಮೇಲೆ ಅಪ್ಪ ಉಳಿಗೆ ಸಾಣೆ ಹಿಡಿಯುತ್ತಿದ್ದ.

"ನಮಸ್ಕಾರ. ನಿಮ್ಮ ಮಗಳ ಪ್ರಶ್ನೆ ಕದ್ದೋನು ನಾನೇ."

ಶ್ರೀರಾಮಪ್ಪ ಅವನನ್ನು ಕಾಲಿನಿಂದ ತಲೆಯವರೆಗೂ ನೋಡಿದ. "ಮನೆಗೇ ಬಂದು ಹೇಳೋ ಕಳ್ಳನ್ನ ಇವತ್ತೇ ನೋಡಿದ್ದು. ಕೂತ್ಕೊಳ್ಳಿ." ಒಳಗೆ ತಿರುಗಿ, "ಮಗಾ, ನಿನ್ನ ಆಸಾಮಿ ಬಂದವ್ನೆ," ಎಂದು ಕೂಗಿ, ಉಳಿ ಎತ್ತಿಕೊಂಡು ಹಿತ್ತಲಿಗೆ ನಡೆದ.

ಬಾಗಿಲಲ್ಲಿ ನಿಂತ ಅವಳು ಹೊರಗೆ ಕಾಲಿಡಲಿಲ್ಲ.

"ಹೋದ ಭಾನುವಾರ ಕೂಟದಲ್ಲಿ ಹೇಳ್ದೆ," ಎಂದ ಅವನು. "ಪ್ರಶ್ನೆ ನನ್ದಲ್ಲ, ಅವರದ್ದು ಅಂತ. ಎರಡನೇ ಕುರ್ಚಿಯೋರು, ಬರೆದುಕೊಳ್ಳೋ ಹುಡುಗಿದಾ ಅಂತ ನಕ್ಕರು. ಪ್ರೊಫೆಸರು ನಗಲಿಲ್ಲ. 'ಅವತ್ತು ನಾನೇ ಬಾಯಿ ಮುಚ್ಚಿಸಿದೆ, ತಪ್ಪು ನನ್ನಿಂದ ಶುರುವಾಯ್ತು' ಅಂದ್ರು."

"ಅದಕ್ಕೆ ನಾನೇನು ಮಾಡ್ಬೇಕು?"

ಅವನು ಜೇಬಿನಿಂದ ಒಂದು ಹಾಳೆ ತೆಗೆದ. "ಮುಂದಿನ ಸಂಚಿಕೆಗೆ ಬರೆದಿದ್ದೀನಿ. ಕಳಿಸಿಲ್ಲ. ಹಾಕಿದ್ರೆ ನಿಮ್ಮ ಕೆಲಸ ಹೋಗ್ಬೋದು. ಹಾಕದಿದ್ರೆ ಪ್ರಶ್ನೆ ನನ್ನ ಹೆಸರಲ್ಲೇ ಉಳಿಯುತ್ತೆ. ಎರಡೂ ಗೊತ್ತು. ಯಾವುದು ಅಂತ ನೀವು ಹೇಳ್ಬೇಕು. ನೀವು ಬೇಡ ಅಂದ್ರೂ ಸರಿ, ನಾನು ಇನ್ನು ಆ ಹೊಗಳಿಕೆ ಕೇಳಿಸ್ಕೊಂಡು ಕೂರಲ್ಲ."

ಹಾಳೆ ತೆಗೆದುಕೊಂಡು ಓದಿದಳು. 'ವಿದುಷಿಯೂ ಸಹೃದಯಿಯೂ ಆದ ಕುಮಾರಿ ಆದಿಲಕ್ಷ್ಮಿಯವರು, ಸ್ತ್ರೀಸಹಜ ಕರುಣೆಯಿಂದ...' ಅವಳ ಹುಬ್ಬು ಗಂಟಿಕ್ಕಿತು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೋಡೆಗೆ ಹಾಳೆ ಒತ್ತಿ ಗೀಚಿದಳು.

"ಕರುಣೆಯಿಂದ ಅಲ್ಲ. ಸಿಟ್ಟಿನಿಂದ ಕೇಳಿದ್ದು. ಮೂರು ಸಾಲು ಹೊಡೆದು ಹಾಕಿದ್ದೀನಿ. 'ಆ ಪ್ರಶ್ನೆ ಕೇಳಿದವರು ಹಲಸೂರಿನ ಆದಿಲಕ್ಷ್ಮಿ. ಅವರನ್ನು ಕೇಳದೆ ನಾನು ಹೆಸರು ಬದಲಿಸಿದೆ.' ಇಷ್ಟೇ ಸಾಕು."

"ಹಾಗಾದ್ರೆ... ಹಾಕೋದಾ?"

"ಹಾಕಿ. ಕೆಲಸ ಹೋದ್ರೆ ರಸೆಲ್ ಮಾರ್ಕೆಟ್ ಹತ್ರ ಟೈಪು ಶಾಲೆಯೋರು ಕಲಿಸೋಕೆ ಕರೀತಿದಾರೆ. ಮೊನ್ನೆಯೇ ಹೋಗಿ ಕೇಳಿ ಬಂದೆ. ನೀವು ಬರ್ತೀರಿ ಅಂತಲ್ಲ. ನಾನೇ ಪತ್ರಿಕೆಗೆ ಬರೆಯೋಣ ಅಂತಿದ್ದೆ."

ಅವನು ಹಾಳೆ ಮಡಿಸಿದ. ಹೋಗಲಿಲ್ಲ.

"ಇನ್ನೇನು?"

"ಇನ್ನೊಂದು ವಿಷಯಾನೂ ನಿಮ್ಮನ್ನ ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದೆ." ಅವನ ದನಿ ತಗ್ಗಿತು. "ದೀಪಾವಳಿ ಆದ್ಮೇಲೆ ನಮ್ಮಣ್ಣನ್ನ ನಿಮ್ಮನೆಗೆ ಹೆಣ್ಣು ಕೇಳೋಕೆ ಕಳಿಸ್ಬೇಕು ಅಂತ. ಕಳಿಸಿಲ್ಲ. ಮೊದಲು ನಿಮ್ಮನ್ನ ಕೇಳ್ಬೇಕಿತ್ತು. ಈಗ ಕೇಳ್ತಿದ್ದೀನಿ. ಇಲ್ಲ ಅಂದ್ರೆ ಕೃಷ್ಣರಾಜಪುರದ ಬಸ್ಸು ಹತ್ತಿ ಹೋಗ್ತೀನಿ."

ಬೀದಿಯಲ್ಲಿ ಜಟಕಾ ಒಂದು ಹಾದುಹೋಯಿತು. ಅವಳು ಪೆನ್ಸಿಲ್ಲನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿದಳು.

"ನಾವು ಯಾವ ಜನ ಅಂತ ಗೊತ್ತಲ್ಲ? ನಿಮ್ಮಣ್ಣ ಈ ಮನೇಲಿ ನೀರು ಕುಡೀತಾರಾ?"

"ಗೊತ್ತಿಲ್ಲ. ಅವನನ್ನ ಇನ್ನೂ ಕೇಳಿಲ್ಲ. ಕುಡೀತಾನೆ ಅಂತ ನಾನೇ ಅಂದುಕೊಂಡು ಹೇಳಿದ್ರೆ ಮತ್ತೆ ಅದೇ ತಪ್ಪಾಗುತ್ತೆ." ಅವಳ ಕಡೆ ನೇರ ನೋಡಿ, "ಅವನು ಒಲ್ಲೆ ಅಂದ್ರೆ ನಾನೊಬ್ಬನೇ ಬರ್ತೀನಿ. ಇದು ಮಾತ್ರ ಗೊತ್ತು," ಎಂದ.

ಅವಳು ಹೊಸ್ತಿಲು ದಾಟಿ ಜಗಲಿಗೆ ಬಂದಳು. ಅವನಿಂದ ಒಂದು ಮಾರು ದೂರದಲ್ಲಿ ಕೂತಳು.

"ನನಗಿನ್ನೂ ಕೋಪ ಹೋಗಿಲ್ಲ ಕಣ್ರೀ."

"ಗೊತ್ತಾಗ್ತಿದೆ."

"ಬೇಗ ಹೋಗೋ ಥರಾನೂ ಇಲ್ಲ."

"ಕೋಪಾನ ಬಿಟ್ಟು ಬನ್ನಿ ಅಂತ ನಾನೆಲ್ಲಿ ಕೇಳ್ದೆ?" ಎಂದ ಅವನು. "ಜೊತೇಲೇ ಕರ್ಕೊಂಡು ಬನ್ನಿ."

ಆದಿಲಕ್ಷ್ಮಿ ಮುಖ ಆಚೆ ತಿರುಗಿಸಿಕೊಂಡಳು. ನಗು ಈ ಸಲ ಅವನಿಗೆ ಕಂಡುಬಿಟ್ಟಿತ್ತು.

"ಹೂಂ," ಎಂದಳು. "ಬರ್ತೀವಿ, ಇಬ್ರೂ."