ಅರ್ಧ ಫೀಸು

ಸರ್ವಮಂಗಳಾ ನನ್ನನ್ನು ಮೊದಲ ಸಲ ನೋಡಿದಾಗ ನಗಲಿಲ್ಲ, ನಗು ತಡೆದುಕೊಂಡರು. ಜಯನಗರದ ನನ್ನ ಹಿಟ್ಟಿನ ಗಿರಣಿಯಿಂದ ನೆಟ್ಟಗೆ ಹೋಗಿದ್ದೆ. ರೆಪ್ಪೆಯ ಮೇಲೂ ರಾಗಿಹಿಟ್ಟು.

"ಕೂತ್ಕೊಳ್ಳಿ ಕರಿಬಸವಯ್ಯನೋರೆ, ಕುರ್ಚಿ ಆಮೇಲೆ ಒರೆಸ್ಕೋತೀನಿ," ಎಂದರು.

ಅದು ಎಪ್ಪತ್ತೊಂಬತ್ತನೇ ಇಸವಿ. ನನಗೆ ನಲವತ್ತೊಂದು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಓದಿದ್ದು ಮೂರನೇ ಕ್ಲಾಸು. ಅವರು ಬಿ.ಕಾಂ. ಮದುವೆಯಾಗಿರಲಿಲ್ಲ. ತಾಯಿ ಹೋದ ಮೇಲೆ ಬನಶಂಕರಿಯ ಮನೆಯಲ್ಲಿ ಒಬ್ಬರೇ ಇದ್ದು, ಮುಂದಿನ ಕೋಣೆಯಲ್ಲಿ ಅಂಗಡಿಯವರ ಲೆಕ್ಕ ಬರೆದುಕೊಡುತ್ತಿದ್ದರು.

ತಮಗೆ ಕೊಡುವ ಫೀಸೂ ವ್ಯಾಪಾರದ ಖರ್ಚೇ, ಅದನ್ನೂ ಆದಾಯದಲ್ಲಿ ಕಳೆದು ಮಿಕ್ಕಿದ್ದಕ್ಕೆ ಟ್ಯಾಕ್ಸ್ ಕಟ್ಟಿದರಾಯಿತು ಎಂದು ತಿಳಿಸಿ ಹೇಳಿದರು. ವರ್ಷಕ್ಕೊಂದು ಸಲ ಬನ್ನಿ, ಸಾಕು ಎಂದರು. ನಾನು ತಿಂಗಳು ತಿಂಗಳೂ ಹೋದೆ. ಹೋದಾಗಲೆಲ್ಲ ನಲವತ್ತು ರೂಪಾಯಿ. ಕರೆಂಟ್ ಬಿಲ್ಲು, ಬೆಲ್ಟಿನ ರಸೀದಿ, ರಿಪೇರಿ ಚೀಟಿ, ಒಂದೊಂದಾಗಿಯೇ ತೆಗೆದುಕೊಡುತ್ತಿದ್ದೆ. ಒಟ್ಟಿಗೆ ಕೊಟ್ಟರೆ ಬೇಗ ಮುಗಿದುಹೋಗುತ್ತಿತ್ತು. ಕನ್ನಡಕದ ಮೇಲಿನಿಂದ ನೋಡಿ, ಜೇಬಲ್ಲಿ ಇನ್ನೂ ಎಷ್ಟಿದೆ ಎಂದು ಕೇಳುತ್ತಿದ್ದರು.

ಉಳಿದ ದಿನವೆಲ್ಲ ಗಿರಣಿಯ ಸದ್ದು. ಅದು ನಿಂತರೆ ಖಾಲಿ ಮನೆ. ಅಲ್ಲಿ ಅಪ್ಪಿತಪ್ಪಿ ಮಾತು ಬಂದರೆ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿತ್ತು.

ಮೂರನೇ ವರ್ಷ ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ಕಾಗದ ಬಂತು. ಇಬ್ಬರೂ ಹೋದೆವು. ಆಫೀಸರು ಫೈಲು ತಿರುವಿ, ಮಿಕ್ಕ ಗಿರಣಿಯವರು ವರ್ಷಕ್ಕೊಮ್ಮೆ ಬರೆಸುತ್ತಾರೆ, ನಿಮಗೇಕೆ ಹನ್ನೆರಡು ಸಲದ ಫೀಸು ಎಂದು ಕೇಳಿದರು. ಸರ್ವಮಂಗಳಾ ಏನೋ ಹೇಳಹೊರಟರು. ಆಫೀಸರು ತಡೆದು ನನ್ನ ಕಡೆ ತಿರುಗಿದರು.

"ಪೂರ್ತಿ ವ್ಯಾಪಾರಕ್ಕೇ ಆದ ಖರ್ಚು ಅಂತ ಬರೆದು ರುಜು ಹಾಕ್ತೀರಾ?"

ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ತಿಂಗಳೂ ಹೋಗಬಹುದಿತ್ತು. ಆದರೆ ಸರ್ವಮಂಗಳಾ ಪಕ್ಕದಲ್ಲೇ ಕೂತಿದ್ದರು. ನಿಮ್ಮಲ್ಲಿಗೆ ಬಂದದ್ದೆಲ್ಲ ವ್ಯಾಪಾರಕ್ಕೇ ಎಂದು ಅವರ ಎದುರಿಗೆ ರುಜು ಹಾಕಲು ಕೈ ಏಳಲಿಲ್ಲ.

"ಅರ್ಧ ವ್ಯಾಪಾರಕ್ಕೆ ಸಾರ್. ಮಿಕ್ಕರ್ಧ ನನಗೋಸ್ಕರ ಹೋಗಿದ್ದು."

ಆಫೀಸರು ಪೆನ್ನು ಕೆಳಗಿಟ್ಟು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. "ಸ್ವಂತದ ಖರ್ಚು ಕಳೆಯೋಕಾಗಲ್ಲ ಕಣ್ರೀ," ಎಂದರು, ಮೆಲ್ಲಗೆ. ಅದಕ್ಕೂ ಟ್ಯಾಕ್ಸ್ ಕಟ್ಟುತ್ತೇನೆ ಎಂದೆ. ಸರ್ವಮಂಗಳಾ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಮೆಟ್ಟಿಲಿಳಿಯುವಾಗ ಹೇಳಿದರು: "ನಿಮ್ಮ ಲೆಕ್ಕ ಇನ್ಮೇಲೆ ನಾನು ಬರೆಯೋಲ್ಲ. ಶ್ರೀನಗರದ ಗಂಗಾಧರಯ್ಯನೋರಿಗೆ ಕೊಡಿ."

ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ. ಇಳಿಯುವಾಗಲೂ ತಿರುಗಿ ನೋಡಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ತಿಂಗಳಿಗೊಂದು ಗಂಟೆಯಾದರೂ ಉಳಿಯುತ್ತಿತ್ತಲ್ಲ ಎಂದುಕೊಂಡೆ.

ಗಂಗಾಧರಯ್ಯನವರು ಇಡೀ ವರ್ಷದ್ದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ಎರಡು ತಿಂಗಳು ಹೇಗೋ ತಡೆದೆ. ಒಂದು ಭಾನುವಾರ ಕಾಲು ತಾನಾಗಿ ಬನಶಂಕರಿಗೆ ನಡೆಯಿತು.

ಬಾಗಿಲು ತೆರೆದು, ಏನು ಕೆಲಸ ಎಂದು ಕೇಳಿದರು. ಕೆಲಸವೇನೂ ಇಲ್ಲ ಎಂದೆ.

"ಹೀಗೆ ಬರೋದಕ್ಕೆ ಎರಡು ತಿಂಗಳು ಬೇಕಾಯ್ತಾ? ಫೀಸು ಇಸ್ಕೊಂಡು ನಿಮ್ಮ ಜೊತೆ ಹೇಗ್ರೀ ಕೂತ್ಕೊಳ್ಳಲಿ? ಅದಕ್ಕೇ ಲೆಕ್ಕ ಬರೆಯೋಲ್ಲ ಅಂದಿದ್ದು." ಕಣ್ಣು ತುಂಬಿತ್ತು.

ಅಡಿಗೆಮನೆಗೆ ಕರೆದರು. ಅಲ್ಲಿ ಇದ್ದದ್ದು ಒಂದೇ ಮಣೆ. ಅದನ್ನು ನನಗೆ ಹಾಕಿ, ತಾವು ಬರಿ ನೆಲದ ಮೇಲೆ, ಎದುರಿಗೆ ಕೂತರು.