ಕತ್ತಲೆ ಕೋಣೆಯ ಊಟ

ಅಲ್ಯುಮಿನಿಯಂ ತಟ್ಟೆಯನ್ನು ನೀರಿನಲ್ಲಿ ಕುದಿಸಿದಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಲೋಹದ್ದೂ ಅಲ್ಲ, ಪೂರ್ತಿ ಅನ್ನದ್ದೂ ಅಲ್ಲ. ಎರಡೂ ಬೆರೆತು ಹಳಸಿದಂತಿರುವ ಬಿಸಿ ವಾಸನೆ. ಅವಳಿಗೆ ಒಂಬತ್ತು ತುಂಬಿದ ವರ್ಷ, ಮನೆಯ ಹಿಂದಿನ ಒಲೆಯ ಮೇಲೆ ದಿನಕ್ಕೆ ಮೂರು ಹೊತ್ತು ಆ ವಾಸನೆ ಏಳುತ್ತಿತ್ತು. ತಟ್ಟೆ ಅವಳೊಬ್ಬಳದು, ಲೋಟ ಅವಳೊಬ್ಬಳದು. ಸೋದರತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ಉದ್ದನೆಯ ಕಡ್ಡಿಯಿಂದ ತಟ್ಟೆಯನ್ನು ಮಗುಚಿ ಹಾಕುತ್ತಿದ್ದಳು. ಕ್ಷಯ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ‘ಅವಳ ಕೆಮ್ಮು’ ಎನ್ನುತ್ತಿದ್ದರು. ಮಾತ್ರೆಗಳು ಮುಗಿದ ದಿನ ಡಾಕ್ಟರು ಕೆನ್ನೆ ತಟ್ಟಿ, “ಪೂರ್ತಿ ವಾಸಿಯಾಯ್ತು ಪುಟ್ಟಿ. ಒಳಗೊಂದು ಕಲೆ ಉಳಿಯುತ್ತೆ. ಮಂಡಿ ತರಚಿದ್ರೆ ಉಳಿಯಲ್ವಾ, ಹಾಗೆ” ಎಂದರು. ಅದಾದ ಮೇಲೂ ಆ ಮನೆಯಲ್ಲಿ ಯಾರೂ ಅವಳ ಪಕ್ಕ ಕೂತು ಉಣ್ಣಲಿಲ್ಲ. ಮದುವೆಯ ಮಾತುಕತೆಯಲ್ಲಿ ಆ ವಿಷಯವನ್ನು ಎತ್ತಲಿಲ್ಲ. ಗಂಡನಿಗೆ ಇಂದಿಗೂ ಗೊತ್ತಿಲ್ಲ.

ಈಗ ಅವಳಿಗೆ ನಲವತ್ತೆರಡು. ಪರದೇಶಕ್ಕೆ ಬಂದು ಹನ್ನೊಂದು ವರ್ಷ. ಈ ದೇಶದಲ್ಲಿ ಖಾಯಂ ಆಗಿ ಉಳಿಯಲು ಪಿ.ಆರ್. ಕೇಳುವವರೆಲ್ಲ ಮೊದಲು ಮೈ ತೋರಿಸಬೇಕಾದ ಪರೀಕ್ಷಾ ಕೇಂದ್ರವೊಂದರಲ್ಲಿ ಅವಳು ಗುಮಾಸ್ತೆ. ಪಾಸ್‌ಪೋರ್ಟು ನೋಡುವುದು, ಮುಖದ ಫೋಟೊ ತೆಗೆಯುವುದು, ಸಂಖ್ಯೆಯ ಸ್ಟಿಕ್ಕರುಗಳನ್ನು ಮುದ್ರಿಸಿ ಕೈಗೆ ಕೊಡುವುದು, ಸಂಜೆಗೆ ಕಾಗದಗಳನ್ನೆಲ್ಲ ಜೋಡಿಸಿ ಪಿನ್ನು ಹೊಡೆಯುವುದು. ಅಷ್ಟು ಪಿನ್ನು ಹೊಡೆಯುತ್ತಿದ್ದುದರಿಂದಲೇ ಅವಳಿಗೆ ಪಿನ್ನಮ್ಮ ಎಂಬ ಅಡ್ಡಹೆಸರು ಬಂದಿತ್ತು. ಯಾವ ಕಾಗದ ಎಷ್ಟು ದಿನ ಬದುಕುತ್ತದೆ, ಯಾವುದು ಯಾವಾಗ ಸಾಯುತ್ತದೆ ಎಂಬುದು ಅವಳಿಗೆ ಬೆರಳ ತುದಿಯಲ್ಲಿತ್ತು.

ಗೊತ್ತಿದ್ದೂ ಅವಳ ಅರ್ಜಿ ಎರಡು ಸಲ ಬಿದ್ದಿತ್ತು. ಒಮ್ಮೆ ಗಂಡನ ಪಾಸ್‌ಪೋರ್ಟಿನ ಅವಧಿ ಐದು ತಿಂಗಳಷ್ಟೇ ಉಳಿದಿತ್ತು, ಆರು ಬೇಕಿತ್ತು. ಇನ್ನೊಮ್ಮೆ ಗಂಡ ಕೆಲಸ ಬದಲಾಯಿಸಿದ. ಮೂರನೆಯ ಸಲ ಅವಳು ತನ್ನ ಹೆಸರಿನಲ್ಲೇ ಹಾಕಿದಳು. ಎಲ್ಲವೂ ದಾಟಿತು. ಉಳಿದದ್ದು ವೈದ್ಯಕೀಯ ಪರೀಕ್ಷೆಯೊಂದೇ. ಅದರಲ್ಲಿ ಎದೆಯ ಎಕ್ಸ್-ರೇ.

ಕಲೆ ಕಂಡರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದೆರೋಗದ ಆಸ್ಪತ್ರೆಗೆ ಕಳಿಸುತ್ತಾರೆ. ಮೂರು ಬೆಳಿಗ್ಗೆ ಕಫ ಹಿಡಿಯಬೇಕು. ಅದರಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ನೋಡಲು ಎಂಟು ವಾರ. ಮೂರು ತಿಂಗಳಿಗೆ ಇನ್ನೊಂದು ಎಕ್ಸ್-ರೇ. ಅವಳ ಕೆಲಸದ ಪರವಾನಗಿಗೆ ಉಳಿದಿದ್ದದ್ದು ಏಳು ವಾರ. ಅದು ಮುಗಿದರೆ ಮೂವರೂ, ಇಲ್ಲಿಯ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿರುವ ಮಗಳೂ ಸೇರಿ, ಪೆಟ್ಟಿಗೆ ಕಟ್ಟಬೇಕು. ಯಾಕೆ ಎಂದು ಗಂಡ ಕೇಳುತ್ತಾನೆ. ಆಗ ತಟ್ಟೆಯ ಕತೆ ಹೇಳಬೇಕು.

ಅದೇ ಹೊತ್ತಿಗೆ ತಂಗಿಯ ಅರ್ಜಿಯೂ ಪರೀಕ್ಷೆಯ ಹಂತಕ್ಕೆ ಬಂದಿತ್ತು.

ತಂಗಿ ಎಂದರೆ ಒಡಹುಟ್ಟಿದವಳಲ್ಲ. ಪರೀಕ್ಷೆಗೆ ಬಂದವರು ತೊಡುವ ಗೌನುಗಳನ್ನು ಒಗೆದು ಮಡಿಸುವ ಹೆಂಗಸು. ಇಬ್ಬರ ಮಾತೂ ಒಂದೇ ಭಾಷೆಯಾದ್ದರಿಂದ ಅಕ್ಕ–ತಂಗಿ ಎಂದು ಕರೆದುಕೊಳ್ಳುತ್ತಿದ್ದರು. ಬಂದು ಮೂರೇ ವರ್ಷ. ಗೌನುಗಳನ್ನು ಯಂತ್ರದಿಂದ ತೆಗೆದ ಕೂಡಲೇ ಒಂದರ ಮೇಲೊಂದು ಒತ್ತಿ, ಬಿಸಿ ಆರದಂತೆ ಕಂಬಳಿ ಹೊದಿಸಿಡುತ್ತಿದ್ದಳು. “ಬಟ್ಟೆ ಬಿಚ್ಚಿ ನಿಂತವರಿಗೆ ತಣ್ಣಗಿರೋದನ್ನ ಹೇಗೆ ಕೊಡೋದಕ್ಕಾ? ಮೊದಲೇ ಹೆದರಿರ್ತಾರೆ” ಎನ್ನುತ್ತಿದ್ದಳು. ಹಾಗೆ ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಗೌನುಗಳ ಬೀರುವಿನ ಬಾಗಿಲ ಒಳಗೆ ಅವಳು ಒಂದು ಕಾಗದದ ನಕಲು ಅಂಟಿಸಿದ್ದಳು. ಊರಲ್ಲಿ ಒಡಹುಟ್ಟಿದ ಅಕ್ಕನ ಹತ್ತಿರ ಬಿಟ್ಟು ಬಂದ ಆರು ವರ್ಷದ ಮಗಳಿಗೆ ಒಂದೇ ಸಲ ಪ್ರಯಾಣ ಮಾಡಲು ಸಿಕ್ಕಿದ ಪತ್ರ. ಅರವತ್ತು ದಿನದ ಅವಧಿ. ಅಮ್ಮನ ಅರ್ಜಿ ನಿಂತರೆ ಅದೂ ನಿಲ್ಲುತ್ತದೆ.

ಹನ್ನೊಂದು ವರ್ಷ ಕಾದವಳಿಗೂ ಮೂರು ವರ್ಷ ಕಾದವಳಿಗೂ ಒಂದೇ ಸಾಲು. ಇದು ಅವಳ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ತಂಗಿಯ ಎದೆ ಶುದ್ಧವಾಗಿರುತ್ತದೆ, ಅನುಮಾನವೇ ಇಲ್ಲ. ಮೆಟ್ಟಿಲು ಹತ್ತುವಾಗಲೂ ಹಾಡುವ ಹೆಂಗಸು. ಎತ್ತರ ಒಂದೇ, ಮೈಕಟ್ಟು ಒಂದೇ, ವಯಸ್ಸಿನಲ್ಲಿ ನಾಲ್ಕು ವರ್ಷದ ವ್ಯತ್ಯಾಸ. ಎಲುಬು ಅಷ್ಟು ಸೂಕ್ಷ್ಮವಾಗಿ ವಯಸ್ಸು ಹೇಳುವುದಿಲ್ಲ.

ಉಪಾಯ ಎಷ್ಟು ಚಿಕ್ಕದಾಗಿತ್ತೆಂದರೆ ಅವಳಿಗೇ ನಗು ಬಂತು. ಪ್ರತಿಯೊಬ್ಬರಿಗೂ ಎಂಟು ಸ್ಟಿಕ್ಕರಿನ ಒಂದು ಹಾಳೆ. ರಕ್ತಕ್ಕೊಂದು, ಮೂತ್ರಕ್ಕೊಂದು, ಕಣ್ಣಿಗೊಂದು, ಎಕ್ಸ್-ರೇಗೊಂದು. ಎಕ್ಸ್-ರೇ ಕೋಣೆಯ ಪರದೆಯಲ್ಲಿ ಹೆಸರು ಬರುವುದಿಲ್ಲ, ಗುಟ್ಟು ಕಾಪಾಡಲು ಬರೀ ಸಂಖ್ಯೆ. ಚಿತ್ರವನ್ನು ಓದುವ ಡಾಕ್ಟರು ಇನ್ನೊಂದು ಊರಿನಲ್ಲಿ ಕೂತಿರುತ್ತಾರೆ, ಯಾರ ಮುಖವನ್ನೂ ಕಂಡವರಲ್ಲ. ಮುಖವನ್ನೂ ಸಂಖ್ಯೆಯನ್ನೂ ಜೋಡಿಸುವ ಗಂಟು ಇಡೀ ಕಟ್ಟಡದಲ್ಲಿ ಒಂದೇ ಕಡೆ ಬೀಳುತ್ತಿತ್ತು: ಅವಳ ಮೇಜಿನ ಮೇಲೆ.

ಒಂದೇ ಒಂದು ಸ್ಟಿಕ್ಕರು ಅದಲುಬದಲು. ರಕ್ತವನ್ನು ಮುಟ್ಟಬಾರದು, ಅದರಲ್ಲಿ ಗುಂಪು ಇರುತ್ತದೆ, ಹಳೆಯ ದಾಖಲೆ ಇರುತ್ತದೆ. ಅತಿಯಾಸೆಯವರು ಸಿಕ್ಕಿಬೀಳುವುದು ಅಲ್ಲೇ. ಮುಂದಿನದನ್ನೂ ಅವಳು ಲೆಕ್ಕ ಹಾಕಿದಳು. ಎದೆರೋಗದ ಆಸ್ಪತ್ರೆಯವರು ಕಳಿಸಿದ ಚಿತ್ರವನ್ನೇ ನಂಬುತ್ತಾರೆ, ಮೂರು ತಿಂಗಳ ತನಕ ಮತ್ತೆ ತೆಗೆಯುವುದಿಲ್ಲ, ಅದು ನಿಯಮ. ಮೂರು ತಿಂಗಳ ಮೇಲೆ ತಂಗಿಯ ಎದೆಯಲ್ಲಿ ಕಲೆ ಕಾಣದಿದ್ದರೆ ಔಷಧಿ ಹಿಡಿಯಿತು ಎನ್ನುತ್ತಾರೆ. ವಾಸಿಯಾದವಳನ್ನು ಯಾರು ಅನುಮಾನಿಸುತ್ತಾರೆ? ಅಷ್ಟರಲ್ಲಿ ತನ್ನ ಕೈಯಲ್ಲಿ ಪಿ.ಆರ್. ಕಾರ್ಡು ಇರುತ್ತದೆ. ತಂಗಿಗೆ ರೋಗವೇನೂ ಬರುವುದಿಲ್ಲವಲ್ಲ, ತಡವಾಗುತ್ತದೆ ಅಷ್ಟೇ. ತಡ ಎಂದರೇನೆಂದು ಅವಳೂ ಒಮ್ಮೆ ನೋಡಲಿ.

ಸಿಬ್ಬಂದಿಯ ಪರೀಕ್ಷೆ ಬೆಳಿಗ್ಗೆ ಎಂಟಕ್ಕೆ, ಬಾಗಿಲು ತೆರೆಯುವ ಮೊದಲು. ಅವಳು ಎರಡು ಹಾಳೆ ಮುದ್ರಿಸಿ, ಉಗುರಿನಿಂದ ಎರಡು ಸ್ಟಿಕ್ಕರು ಎಬ್ಬಿಸಿ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿದಳು. ತಂಗಿ ಬೀರುವಿನಿಂದ ಇಬ್ಬರಿಗೂ ಬಿಸಿ ಗೌನು ತಂದಳು. ಅಕ್ಕನ ಬೆನ್ನ ಹಿಂದೆ ನಿಂತು ದಾರ ಕಟ್ಟಿದಳು.

“ಬಿಗಿ ಆಯ್ತಾ ಅಕ್ಕ?”

“ಇಲ್ಲ, ಸರಿಯಾಗಿದೆ.”

ಎಕ್ಸ್-ರೇ ತೆಗೆಯುವವನನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಬಾಯಿಬಡುಕ. “ಉಸಿರು ಎಳೆದು ಹಿಡ್ಕೋ ಪಿನ್ನಮ್ಮ. ಹಿಡ್ಕೋ ಅಂದೆ, ನುಂಗ್ಬಿಡು ಅನ್ಲಿಲ್ಲ” ಎಂದ. ಅವಳು ಕೊಟ್ಟ ಸ್ಟಿಕ್ಕರಿಗೆ ಯಂತ್ರ ಹಿಡಿದ. ಟಿಣ್ ಎಂದಿತು. ತಂಗಿಯದಕ್ಕೂ ಟಿಣ್ ಎಂದಿತು. ಮುಗಿಯಿತು.

ನಾಲ್ಕನೆಯ ದಿನ ವರದಿ ಬಂತು. ಬಲಗಡೆ ಮೇಲ್ಭಾಗದಲ್ಲಿ ನೆರಳು. ಹಳೆಯದೋ ಹೊಸದೋ ಹೇಳಲಾಗದು. ಡಾಕ್ಟರು ತಂಗಿಯನ್ನು ಕರೆದು ಮಾತಾಡಿದರು. ಹೊರಗೆ ಬಂದವಳ ಕೈಯಲ್ಲಿ ಇನ್ನೂ ಮಡಿಸದ ಗೌನೊಂದಿತ್ತು.

“ಅಕ್ಕಾ, ನಂಗೆ ಒಂದು ಕೆಮ್ಮೂ ಇಲ್ವಲ್ಲ.”

“ಎಷ್ಟೋ ಜನಕ್ಕೆ ಕೆಮ್ಮೇ ಇರಲ್ಲ ಕಣೇ.”

“ಮಗಳ ಪತ್ರಕ್ಕೆ ಹತ್ತೊಂಬತ್ತು ದಿನ ಉಳಿದಿದೆ. ಹೊಸದು ಕೊಡ್ತಾರಾ?”

ಕೊಡುವುದಿಲ್ಲ. ಮೊದಲಿನಿಂದ ಅರ್ಜಿ ಹಾಕಬೇಕು, ಎರಡು ವರ್ಷದ ಸಾಲು. “ಕೊಡ್ತಾರೆ ಬಿಡು,” ಎನ್ನುತ್ತ ಅವಳು ತಂಗಿಯ ಬೆನ್ನು ಸವರಿದಳು. ಸುಳ್ಳಿಗೆ ಒಂದು ಕೈ ಆಸರೆ ಇದ್ದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಈ ಮೇಜಿನ ಹಿಂದೆ ಕೂತೇ ಕಲಿತಿದ್ದಳು.

ಸಂಜೆ ಕಡತ ಕಟ್ಟಿದಳು. ಬಿಳಿ ಹಾಳೆಯಲ್ಲಿ ವರದಿ, ಹಳದಿಯಲ್ಲಿ ಆಸ್ಪತ್ರೆಯ ವಿಳಾಸ ಮತ್ತು ದಿನಾಂಕ, ಕೆಳಗಿನ ಖಾನೆಯಿಂದ ತೆಗೆದ ಗುಲಾಬಿ ಹಾಳೆ, ಅದು ಅಲ್ಲಿಗೆ ಹೋದ ಮೇಲೆ ರೋಗಿಯೇ ತುಂಬಬೇಕಾದ್ದು. ಮೂಲೆ ಸರಿಯಾಗಿ ಕೂಡಿಸಿ ಪಿನ್ನು ಹೊಡೆದಳು. ಅವಳ ಪಿನ್ನು ಯಾವತ್ತೂ ಸೊಟ್ಟಗೆ ಹೋದದ್ದಿಲ್ಲ. ಇಂಥ ನಾನೂರು ಕಡತಗಳನ್ನಾದರೂ ಅವಳು ಕಳಿಸಿದ್ದಳು. ಬಾಗಿಲು ದಾಟಿದ ಮೇಲೆ ಅವುಗಳ ಪಾಡು ಏನಾಯಿತೆಂದು ಕೇಳಿದವಳಲ್ಲ.

ಮರುದಿನ ತಂಗಿಗೆ ಮನೆಯಲ್ಲೇ ಇರು ಎಂದರು. ಅಡುಗೆಮನೆಯಂಥ ಪುಟ್ಟ ಮೂಲೆಯಲ್ಲಿ, ಚಹಾ ಕಾಸುವ ಜಾಗದಲ್ಲಿ, ತಂಗಿಯ ಲೋಟ ಗೂಟಕ್ಕೆ ನೇತಾಡುತ್ತಿತ್ತು. ಹಿಡಿಯಿದ್ದ ಅಲ್ಯುಮಿನಿಯಂ ಲೋಟ, ಊರಿಂದ ತಂದದ್ದು. ಎಲ್ಲರೂ ಅದನ್ನು ನೋಡಿ ನೋಡಿ ಸರಿಯುತ್ತಿದ್ದರು. ತಾನೂ ಹೆದರಿದವಳಂತೆ ಕಾಣಬೇಕು ಎಂದು ಅವಳಿಗೆ ಹೊಳೆಯಿತು. ಎಲ್ಲರ ಕಣ್ಣೆದುರೇ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಪಾತ್ರೆಯೊಳಗೆ ಬಿಟ್ಟು, ನೀರು ಸುರಿದು, ಒಲೆ ಹೊತ್ತಿಸಿದಳು. ಚಮಚದ ಹಿಡಿಯಿಂದ ಮಗುಚಿ ಹಾಕಿದಳು. ವಾಸನೆ ಎದ್ದಿತು. ಮೂವತ್ತಮೂರು ವರ್ಷವಾದರೂ ಅದೇ. ಮೂಗಿಗೆ ತೋಳು ಅಡ್ಡ ಹಿಡಿದಳು.

ಮಾಮ ಬಾಗಿಲಲ್ಲಿ ನಿಂತಿದ್ದ. ಇಂದು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. “ಪಾಪ, ಅದನ್ನ ಯಾಕಮ್ಮ ಬೇಯಿಸ್ತೀಯ. ನೀವಿಬ್ರೂ ದಿನಾ ಕತ್ತಲೆ ಕೋಣೇಲಿ ಒಟ್ಟಿಗೆ ಉಣ್ತಿದ್ರಲ್ಲ?”

“ಇಲ್ಲಪ್ಪ. ಅವಳ ಡಬ್ಬಿ ಅವಳದು, ನನ್ನ ಡಬ್ಬಿ ನನ್ನದು” ಎಂದಳು.

ಅವಳು ಹೋದ ಮೇಲೆ ಆ ಲೋಟವನ್ನು ಒರೆಸಿ ಮತ್ತೆ ಗೂಟಕ್ಕೆ ಹಾಕಿದವನು ಮಾಮನೇ.

ಹದಿನೈದನೆಯ ದಿನ ಬೆಳಿಗ್ಗೆ ಫೋನಿಗೆ ಸಂದೇಶ ಬಂತು. ವೈದ್ಯಕೀಯ ಪರೀಕ್ಷೆ ತೃಪ್ತಿಕರ. ಸೋಮವಾರ ಬಂದು ಕಾರ್ಡು ಪಡೆಯಿರಿ. ಅವಳು ಗಂಡನಿಗೆ ಓದಿ ಹೇಳಿದಳು. ಫೋನಿನ ಆ ಕಡೆ ಅವನು ಅತ್ತ. ಮಗಳು ಶಾಲೆಯಿಂದ ಹೃದಯದ ಚಿತ್ರಗಳನ್ನು ಸಾಲಾಗಿ ಕಳಿಸಿದಳು. ಅವಳು ಅಂದು ಬಂದವರಿಗೆಲ್ಲ ನಗುನಗುತ್ತ ಸ್ಟಿಕ್ಕರು ಕೊಟ್ಟಳು. ಒಬ್ಬ ಮುದುಕನ ಬಕಲು ಕಿತ್ತ ಬೆಲ್ಟಿಗೆ ತಾನೇ ಪಿನ್ನು ಹಾಕಿಕೊಟ್ಟಳು. ಗೆದ್ದವರು ಧಾರಾಳಿಗಳಾಗಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಬಿಳಿ ವ್ಯಾನೊಂದು ನಿಂತಿತು. ಎದೆರೋಗದ ಆಸ್ಪತ್ರೆಯ ನರ್ಸು, ಕನ್ನಡಕ ಹಣೆಗೇರಿಸಿದ ನಡುವಯಸ್ಸಿನವಳು, ಮೇಜಿನ ಬಳಿ ಬಂದು ಅವಳ ಪೂರ್ತಿ ಹೆಸರನ್ನು ತಡವರಿಸುತ್ತ ಓದಿದಳು.

“ನೀವೇನಾ? ವ್ಯಾನಿಗೆ ಬನ್ನಿ, ಒಂದು ಎಕ್ಸ್-ರೇ. ಐದು ನಿಮಿಷ.”

“ನಂದು ಆಗಿದೆಯಲ್ಲ ಸಿಸ್ಟರ್. ಪಾಸಾಯ್ತು.”

“ಗೊತ್ತು, ನೋಡಿದೀನಿ. ಕನ್ನಡಿ ಥರ ಇದೆ ನಿಮ್ಮೆದೆ. ಇವತ್ತಿನದನ್ನ ಅದರ ಪಕ್ಕ ಇಟ್ಟು ನೋಡ್ತೀವಿ, ಹದಿನೈದು ದಿನದಲ್ಲಿ ಹೊಸದೇನಾದ್ರೂ ಅಂಟಿದ್ಯಾ ಅಂತ. ಇದು ಮುಗಿಯೋ ತನಕ ನಿಮ್ಮ ಕಾರ್ಡು ತಡೆದಿರ್ತಾರೆ, ಅದಕ್ಕೇ ನಾನೇ ಓಡಿ ಬಂದೆ.”

“ನನ್ನ ಹೆಸರು ಯಾರು ಕೊಟ್ಟಿದ್ದು?”

ನರ್ಸು ಕಡತ ಬಿಚ್ಚಿ ತೋರಿಸಿದಳು. ಮೂಲೆಯಲ್ಲಿ ನೆಟ್ಟಗೆ ಕೂತ ಪಿನ್ನು ಅವಳದೇ. ಅದರಡಿಯಲ್ಲಿ ಗುಲಾಬಿ ಹಾಳೆ, ನಾನೂರು ಸಲ ಹಚ್ಚಿ ಒಮ್ಮೆಯೂ ಓದದ ಹಾಳೆ. ಮೇಲೆ ಒಂದೇ ಪ್ರಶ್ನೆ ಇತ್ತು: ಮುಚ್ಚಿದ ಕೋಣೆಯಲ್ಲಿ ದಿನವೂ ನಿಮ್ಮ ಜೊತೆ ಕೂತು ಉಂಡವರು ಯಾರು? ಹಿಂದೆ ಎಕ್ಸ್-ರೇ ಫಿಲ್ಮು ತೊಳೆಯುತ್ತಿದ್ದ, ಈಗ ಯಾರಿಗೂ ಬೇಡವಾದ, ಕಿಟಕಿಯಿಲ್ಲದ ಆ ಕತ್ತಲೆ ಕೋಣೆ. ಮೂರು ವರ್ಷ, ದಿನಕ್ಕೆ ಅರ್ಧ ಗಂಟೆ. ‘ಎರಡು ತಟ್ಟೆ ಯಾಕೆ ತೊಳೆಯೋದಕ್ಕಾ’ ಎಂದು ತಂಗಿ ನಡುವೆ ಇಡುತ್ತಿದ್ದ ಒಂದೇ ಡಬ್ಬಿ. ಒಂಬತ್ತನೆಯ ವಯಸ್ಸಿನಿಂದ ಅವಳ ಪಕ್ಕ ಕೂತು ಒಂದೇ ಡಬ್ಬಿಗೆ ಕೈಹಾಕಿ ಉಂಡವಳು ತಂಗಿಯೊಬ್ಬಳೇ. ಒಂಬತ್ತು ಸಾಲುಗಳಲ್ಲಿ ಮೊದಲನೆಯದರಲ್ಲಿ ತಂಗಿಯ ಗುಂಡಗಿನ ಅಕ್ಷರಗಳಲ್ಲಿ ಅಕ್ಕನ ಹೆಸರಿತ್ತು. ಉಳಿದ ಎಂಟು ಖಾಲಿ. ಗಾಜಿನ ಬಾಗಿಲ ಆಚೆ, ವ್ಯಾನು ಬರುವುದು ತಿಳಿದು ಬಂದಿದ್ದ ತಂಗಿ ಮುಖಕ್ಕೆ ಮಾಸ್ಕು ಹಾಕಿಕೊಂಡು ದೂರದಲ್ಲೇ ನಿಂತಿದ್ದಳು. “ನಿಮ್ಮನ್ನೇ ಮೊದಲು ನೋಡಲಿ ಅಂತ ಬರೆದೆ ಅಕ್ಕ, ನನ್ನಿಂದ ನಿಮಗೇನೂ ಆಗಬಾರದು,” ಎಂದಳು. ಆಮೇಲೆ ನಾಲ್ಕು ಹೆಜ್ಜೆ ಮುಂದೆ ಬಂದು ಮೆಟ್ಟಿಲ ಮೇಲೆ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ಇಟ್ಟು, ತಾನು ಹಿಂದಕ್ಕೆ ಸರಿದಳು. “ಕಾಯೋದು ತಡವಾದ್ರೆ ಹಸಿವಾಗುತ್ತೆ. ಹೆದರಬೇಡಿ, ಪಕ್ಕದ ಮನೆಯವರು ಮಾಡಿಕೊಟ್ಟಿದ್ದು. ನಾನು ಮುಟ್ಟಿಲ್ಲ.” ವ್ಯಾನಿನ ಬಾಗಿಲು ತೆರೆದೇ ಇತ್ತು. ಅವಳು ಬಗ್ಗಿ ಡಬ್ಬಿಯನ್ನು ಎತ್ತಿಕೊಂಡಳು. ಇನ್ನೂ ಬಿಸಿಯಾಗಿತ್ತು.