ಎಂಜಿನ್ನಿನ ಹಸಿವು

ಮರಿಬಸಪ್ಪನ ಕಣ್ಣು ಹೋದ ದಿನವೂ ವಿಠ್ಠಲರಾಯರು ತಮ್ಮ ಹತ್ತಿ ಬಿಡಿಸುವ ಜಿನ್ನು ನಿಲ್ಲಿಸಲಿಲ್ಲ. ಬಾಯ್ಲರಿನ ಸಡಿಲು ಕೀಲಿನಿಂದ ನುಗ್ಗಿದ ಹಬೆ ಅವನ ಮುಖವನ್ನು ಬೇಯಿಸಿಬಿಟ್ಟಿತ್ತು. ಆ ಕೀಲು ಬಿಗಿ ಮಾಡಿಸಿರೆಂದು ಅವನ ಅಣ್ಣ, ಎಂಜಿನ್ ಮೇಸ್ತ್ರಿ ಗಾದಿಲಿಂಗಪ್ಪ, ಹೇಳಿ ಹೇಳಿ ಬಾಯಿ ಸೋತಿದ್ದ. ಹತ್ತಿಯ ಗಾಡಿಗಳು ಬಾಗಿಲಿಗೆ ಬಂದು ನಿಂತಿರುವಾಗ ಎಂಜಿನ್ನು ಆರಿಸುವವರು ಯಾರು? ರಾಯರು ಗಾಯಕ್ಕೆ ಕಟ್ಟಲೆಂದು ತಮ್ಮದೊಂದು ಧೋತರ ಹರಿದು ಕೊಟ್ಟರು. ಕೊಕ್ಕರೆಯ ರೆಕ್ಕೆಯಂಥ ಬಿಳುಪು. ತಮ್ಮನ ಮುಖದ ಮೇಲೆ ಕಂಡ ಆ ಬಿಳುಪನ್ನು ಗಾದಿಲಿಂಗಪ್ಪ ಮರೆಯಲಿಲ್ಲ.

ಮರಿಬಸಪ್ಪ ಕುರುಗೋಡಿನ ಮನೆಯ ಕಟ್ಟೆ ಹಿಡಿದು ಕೂತ. ಅಣ್ಣ ಬಳ್ಳಾರಿಯಿಂದ ಹೋದಾಗಲೆಲ್ಲ ಒಂದೇ ಮಾತು.

"ಅಣ್ಣಾ, ಕುಂತು ಉಣ್ಣಾಕ ಗಂಟಲಾಗ ತುತ್ತು ಇಳಿಯವಲ್ದು. ಏನಾರ ಒಂದು ಕೆಲಸ ನೋಡು."

ಕೆಲಸವೊಂದು ಇತ್ತು. ಅದೇ ಊರ ಹೊರಗೆ ಸುಣ್ಣದ ಭಟ್ಟಿ ಇಟ್ಟಿದ್ದ ಉಚ್ಚೆಂಗೆಪ್ಪ ಅದನ್ನು ಬಾಯಿಬಿಟ್ಟು ಹೇಳಿದ. "ಕಟ್ಟಿಗಿ ನೀ ಹಾಕು ಮೇಸ್ತ್ರಿ, ನಿನ್ನ ತಮ್ಮಗ ಭಟ್ಟಿಯಾಗ ಪಾಲು ಕೊಡ್ತೀನಿ. ಕಲ್ಲು ಬೆಂದದ್ದು ಕಿವಿಗೇ ಗೊತ್ತಾಗ್ತೈತಿ, ಕಣ್ಣ್ಯಾಕ ಬೇಕು? ಕಟ್ಟಿಗಿ ನಿಂತ ದಿನ ಪಾಲೂ ನಿಲ್ತೈತಿ, ನೋಡ್ಕೋ."

ಆ ರಾತ್ರಿಯಿಂದ ಗಾದಿಲಿಂಗಪ್ಪನ ತಲೆಯೊಳಗೆ ಒಂದು ಚಕ್ರ ತಿರುಗತೊಡಗಿತು.

ರಾಯರ ಎಂಜಿನ್ನು ಬಕಾಸುರ. ಮದರಾಸಿನಿಂದ ರೈಲಿನಲ್ಲಿ ಬಂದ ಹೊಸದರಲ್ಲಿ ಹೀಗಿರಲಿಲ್ಲ. ವರುಷ ಕಳೆದಂತೆ ಅದರ ಹಸಿವು ಬೆಳೆಯಿತು. ಸಿರುಗುಪ್ಪದ ಹೊಳೆದಂಡೆಯ ಜಾಲಿ ಕಟ್ಟಿಗೆಯೆಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಕಾರಣ ಗಾದಿಲಿಂಗಪ್ಪನಿಗೆ ಗೊತ್ತಿತ್ತು. ಬಳ್ಳಾರಿಯ ಬಾವಿಯದು ಸವುಳು ನೀರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇದು ನೀರು ಕುಡಿದು ಉಪ್ಪು ತಿಂದಿತ್ತು. ಬಾಯ್ಲರಿನ ಒಳಗೋಡೆಗೆ ಹಲ್ಲಿನ ಪಾಚಿಯಂತೆ ಬಿಳಿ ಹಕ್ಕಳೆ ಗಟ್ಟಿಯಾಗಿ ಹತ್ತಿತ್ತು. ಬೆಂಕಿಯ ಕಾವು ಮೊದಲು ಆ ಹಕ್ಕಳೆಯನ್ನು ಕಾಯಿಸಬೇಕು, ಉಳಿದರೆ ನೀರನ್ನು. ಸಾಲದ್ದಕ್ಕೆ ಸಂದುಸಂದಿನಲ್ಲೂ ಹಬೆ ಸೋರುತ್ತಿತ್ತು.

ಇದನ್ನು ನೆಟ್ಟಗೆ ಮಾಡಬೇಕು, ಆದರೆ ಯಾರಿಗೂ ಹೇಳಬಾರದು. ಇದೇ ಅವನ ಕಳವು.

ರಾಯರು ಕಟ್ಟಿಗೆ ಕೊಡುವಷ್ಟನ್ನೇ ಕೊಡುತ್ತಾರೆ, ಎಂಜಿನ್ನು ಅದರಲ್ಲಿ ಅರ್ಧ ತಿಂದು ಅಷ್ಟೇ ಹತ್ತಿ ಬಿಡಿಸುತ್ತದೆ, ಉಳಿದರ್ಧ ಕುರುಗೋಡಿಗೆ. ರಾಯರಿಗೆ ಒಂದು ಎಳೆಯಷ್ಟೂ ನಷ್ಟವಿಲ್ಲ. ನಷ್ಟವಿಲ್ಲದವನು ಕಳ್ಳನನ್ನು ಹುಡುಕುವುದಿಲ್ಲ.

ಹತ್ತಿಯಿಲ್ಲದ ಶ್ರಾವಣದಲ್ಲಿ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಅವನು ಬಾಯ್ಲರಿನ ಬಾಯೊಳಗೆ ಇಳಿಯುತ್ತಿದ್ದ. ಗವಿ ಹೊಕ್ಕ ತಪಸ್ವಿಯಂತೆ ಮಂಡಿ ಮಡಚಿ, ಉಳಿ ಹಿಡಿದು ಹಕ್ಕಳೆ ಎಬ್ಬಿಸಿದ. ಸಂದುಗಳಿಗೆ ಕೊಬ್ಬಿನಲ್ಲಿ ಅದ್ದಿದ ಸೆಣಬು ತುರುಕಿ ಬಿಗಿದ. ತಮ್ಮನ ಕಣ್ಣು ತಿಂದ ಕೀಲನ್ನು ಕೊನೆಗೆ ಮುಟ್ಟಿದ. ಅದು ಎರಡೇ ತಿರುವಿಗೆ ಕೂತಿತು. ಎರಡೇ ತಿರುವು.

ಸಂಕ್ರಾಂತಿಯ ಮೇಲೆ ಹಂಗಾಮು ಶುರುವಾಯಿತು. ಸಿರುಗುಪ್ಪದಿಂದ ಹೊರಟ ಕಟ್ಟಿಗೆಯ ಗಾಡಿಗಳಲ್ಲಿ ಅರ್ಧದಷ್ಟು ದಾರಿಯಲ್ಲೇ ಕುರುಗೋಡಿನ ಕಡೆ ಹೊರಳುತ್ತಿದ್ದವು. "ಎತ್ತಿಗೆ ದಾರಿ ತಪ್ಪಿದ್ರ ನನ್ನನ್ನ ಯಾರು ಬೈತಾರ ಬಿಡ್ರಿ ಮೇಸ್ತ್ರೇರ," ಎಂದು ಗಾಡಿಯ ಅಂಜಿನಪ್ಪ ನಕ್ಕ. ಬಂದ ಕಟ್ಟಿಗೆಗೆ ಮೇಸ್ತ್ರಿಯ ಬಾಯಿಮಾತೇ ಸಾಕ್ಷಿ. ರಾಯರು ಉಪ್ಪರಿಗೆಯಿಂದ ನೋಡುತ್ತಿದ್ದದ್ದು ಅಂಗಳದ ಕಟ್ಟಿಗೆಯ ಒಟ್ಟಲನ್ನು, ಕೊಳವೆಯ ಹೊಗೆಯನ್ನು. ಒಟ್ಟಲು ಎಂದಿನ ಎತ್ತರಕ್ಕೇ ಇತ್ತು. ಹೊಗೆಯನ್ನೂ ಗಾದಿಲಿಂಗಪ್ಪ ಮರೆತಿರಲಿಲ್ಲ: ಚೆನ್ನಾಗಿ ಉರಿದ ಬೆಂಕಿಗೆ ಹೊಗೆ ಕಡಿಮೆ. ಅದಕ್ಕೇ ರಾಯರು ಉಪ್ಪರಿಗೆಗೆ ಬರುವ ಹೊತ್ತಿಗೆ ಒಂದು ಬೊಗಸೆ ಒದ್ದೆ ಹೊಟ್ಟು ಒಲೆಗೆ ಎಸೆಯುತ್ತಿದ್ದ. ಕರೀ ಹೊಗೆ ಕೋಟೆಗುಡ್ಡದ ಎತ್ತರಕ್ಕೆ ಏಳುತ್ತಿತ್ತು.

"ತಿನ್ನಲಿ, ತಿನ್ನಲಿ," ಎನ್ನುತ್ತಿದ್ದರು ರಾಯರು. "ಪಾಪಿ, ಇನ್ನೂ ಹಸದದ."

ಕುರುಗೋಡಿನಲ್ಲಿ ಮರಿಬಸಪ್ಪ ಭಟ್ಟಿಯ ಪಕ್ಕದಲ್ಲಿ ಕೂತು ಕಲ್ಲು ಸಿಡಿಯುವುದನ್ನು ಆಲಿಸಿ, "ಸಾಕು, ಬೆಂದೈತಿ" ಎನ್ನುವುದನ್ನು ಕಲಿತ. ಒಂದು ಸಲ ನಕ್ಕದ್ದನ್ನೂ ಅಣ್ಣ ಕಂಡ. ಇನ್ನೊಂದು ಹಂಗಾಮು ಹೀಗೇ ಸಾಗಿದರೆ ಅವನ ಕಾಲ ಮೇಲೆ ಅವನು ನಿಂತಾನು.

ಯುಗಾದಿ ಸಮೀಪಿಸಿದ ಒಂದು ಬೆಳಿಗ್ಗೆ ರಾಯರು ಉಪ್ಪರಿಗೆ ಇಳಿದು ಒಲೆಯ ಹತ್ತಿರವೇ ಬಂದರು. ಗಾದಿಲಿಂಗಪ್ಪನ ಕೈ ತಾನಾಗಿ ಒದ್ದೆ ಹೊಟ್ಟಿನ ಕಡೆ ಹೋಯಿತು. ರಾಯರು ಅವನನ್ನು ನೋಡಲಿಲ್ಲ. ಅವರ ಕೈಯಲ್ಲಿ ಒಂದು ಧೋತರವಿತ್ತು. ಹಿತ್ತಲ ಬಾಗಿಲಿನಿಂದ ಹೊರಟಿದ್ದ ಅಗಸರ ಸುಂಕಲಮ್ಮನನ್ನು ಕೂಗಿದರು.

"ಏನವಾ, ಕಚೇರಿಗೆ ಉಡೋ ಧೋತರ ಮಣ್ಣಿನ ಬಣ್ಣಕ್ಕ ಬಂದದ. ನಿನ್ನ ಕೈಗೆ ವಯಸ್ಸಾತೇನು?"

ಎಂಜಿನ್ನು ಬಂದಾಗಿನಿಂದ ಅದರ ಬೂದಿ ಸುಂಕಲಮ್ಮನ ಪಾಲು. ಬಟ್ಟೆ ಬೇಯಿಸಲು ಬೂದಿನೀರು ಬೇಕಲ್ಲ. ನಸುಕಿನಲ್ಲಿ ಗಾದಿಲಿಂಗಪ್ಪ ಲಿಂಗ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದ ಹೊತ್ತಿಗೆ ಅವಳು ಒಲೆ ಬಳಿದುಕೊಂಡು ಹೋಗಿರುತ್ತಿದ್ದಳು. ಇಷ್ಟು ವರುಷದಲ್ಲಿ ಅವನು ಅವಳ ಬೂದಿಬುಟ್ಟಿಯತ್ತ ಒಮ್ಮೆಯೂ ನೋಡಿರಲಿಲ್ಲ. "ಕೈಯಲ್ರೀ ಧಣೇರ," ಎಂದಳು ಅವಳು, ಬುಟ್ಟಿಯನ್ನು ಓರೆ ಮಾಡಿ ತೋರಿಸುತ್ತ. "ಹ್ವಾದ ವರ್ಷ ಬುಟ್ಟಿ ತುಂಬಿ ಚೆಲ್ತಿತ್ತು. ಈ ಹಂಗಾಮಿನಾಗ ಅರ್ಧನೂ ಬೀಳವಲ್ದು. ನಿಮ್ಮ ಎಂಜಿನ್ನು ಉಪಾಸ ಹಿಡದೈತೇನೋ." ರಾಯರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರು ಎಂಜಿನ್ನಿನ ಕಡೆಗೊಮ್ಮೆ, ಕಟ್ಟಿಗೆಯ ಒಟ್ಟಲಿನ ಕಡೆಗೊಮ್ಮೆ, ಕೊನೆಗೆ ಮೇಸ್ತ್ರಿಯ ಹಣೆಯ ಕಡೆಗೆ ನೋಡಿದರು. ಅಲ್ಲಿ ಆಗತಾನೆ ಎಳೆದ ಮೂರು ಬೆರಳಿನ ಬೂದಿ ಇನ್ನೂ ಹಸಿಯಾಗಿತ್ತು.